ಮುರುಗಲ ಕಲೆಯ ಕೆಳಗೆ

ಕಂತು ಆರು

ಕ್ಷಮೆ ಕೇಳಿಯೇ ಶುರು ಮಾಡಬೇಕು. ಪತ್ತೇದಾರಿಕೆ ನನ್ನ ಕಸುಬಲ್ಲ. ನಾನು ಕಾರಿನ ಚರ್ಮದ ಸೀಟುಗಳ ಕಲೆ ತೆಗೆಯುವವಳು. ಹಗಲು ಕೆಲಸ ಮಾಡುತ್ತಾ ಕುಮಟೆಯ ಸಂಜೆ ತರಗತಿಯಲ್ಲಿ ಮುಗಿಸಿದ ಡಿಗ್ರಿಯೊಂದಿದೆ, ಅಷ್ಟೆ. ಇನ್ನೊಬ್ಬರ ಮನೆಯ ಸಂಕಟವನ್ನು ಹೀಗೆ ವಾರವಾರ ಬರೆಯುವ ಹಕ್ಕು ಅದರಿಂದ ಬರುತ್ತದೆಯೇ ಎಂದು ಪ್ರತಿ ಸಲ ಅನುಮಾನವಾಗುತ್ತದೆ. ಆದರೂ ಹೇಳುತ್ತೇನೆ. ನಾನು ಸುಮ್ಮನಿದ್ದರೆ ಹೇಳುವವರು ಸುಧಾಕರ ಒಬ್ಬರೇ ಆಗುತ್ತಾರೆ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರು ನನ್ನ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು.

"ಆತಾ ರೇಖಾ?"

"ಇಲ್ಲ ಸುಧಾಕರಣ್ಣ."

"ಮಧ್ಯಾಹ್ನದೊಳಗೆ ಆಗ್ತದೆ ಅಂದಿದ್ದೆ ನೀನು. ನಾಳೆ ಗೋವಾದಿಂದ ಗಿರಾಕಿ ಬರ್ತಾನೆ, ಕಾರು ನೋಡ್ಲಿಕ್ಕೆ."

"ಅಂದಿದ್ದೆ ಹೌದು."

"ಮತ್ತೆಂತ? ಕಲೆ ಹೋಗೂದಿಲ್ವಾ?"

"ಹೋಗ್ತದೆ. ನಾ ತೆಗೂದಿಲ್ಲ."

ಹದಿನಾಲ್ಕು ವರ್ಷಗಳಲ್ಲಿ ಯಾವ ಗಿರಾಕಿಗೂ ಹಾಗೆ ಹೇಳಿದವಳಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಸುಮ್ಮನೆ ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ.

ಹಿಂದಿನ ಕಂತು ಓದದವರಿಗೆ ಒಂದೇ ಮಾತು: ಭಾನುವಾರ ಸುಧಾಕರರ ಕಾರು ಓಡಿಸಲು ಹೋದ ಮಂಕಿಯ ಸುಕ್ರ ಮನೆಗೆ ಮರಳಿರಲಿಲ್ಲ, ಸೋಮವಾರ ಕಾರು ಮಾತ್ರ ಭಟ್ಕಳದ ರೈಲು ನಿಲ್ದಾಣದ ಹೊರಗೆ ಸಿಕ್ಕಿತ್ತು, ಬುಧವಾರ ಸಂಜೆ ಅದೇ ಕಾರು ಹಿಂದಿನ ಸೀಟಿನ ಮೇಲೊಂದು ಕೆಂಪು ಕಲೆ ಹೊತ್ತು ಹೊನ್ನಾವರದ ನನ್ನ ಶೆಡ್ಡಿಗೆ ಬಂದಿತ್ತು.

ಸುಧಾಕರರಿಗೆ ಕುಮಟೆಯ ಹತ್ತಿರ ಒಂದು ಗೆಸ್ಟ್ ಹೌಸ್ ಇದೆ. ಗೋಕರ್ಣ, ಓಂ ಬೀಚ್ ನೋಡಲು ಬಂದವರು ಅಲ್ಲಿ ಇಳಿಯುತ್ತಾರೆ. ಮೆಲ್ಲಗೆ ಮಾತಾಡುವ, ಆರಡಿ ಎತ್ತರದ, ಯಾವಾಗಲೂ ಅರ್ಧ ತೋಳಿನ ಅಂಗಿ ತೊಡುವ ಮನುಷ್ಯ. ಆದರೆ ಅವತ್ತು ಮೇ ತಿಂಗಳ ಆ ಸೆಕೆಯಲ್ಲಿ ಮುಂಗೈವರೆಗೂ ಗುಂಡಿ ಹಾಕಿದ ತುಂಬು ತೋಳಿನ ಅಂಗಿ. ಆಟೋದಲ್ಲಿ ಬಂದಿಳಿದಿದ್ದರು. ಅವರು ಆಟೋ ಹತ್ತಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಇವೆರಡೂ ನಾನು ಕಂಡದ್ದು. ಅವುಗಳ ಅರ್ಥ ಆಗ ನನಗೆ ಹೊಳೆಯಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

"ತೆಗೂದಿಲ್ಲ ಅಂದ್ರೆ ಎಂತ ಅರ್ಥ?" ಅವರು ನಕ್ಕರು. "ಮುರುಗಲ ಕಲೆ ಮಾರಾಯ್ತಿ. ಸುಕ್ರ ಬಾಟ್ಲಿ ಮುಚ್ಚಳ ಸರಿ ಹಾಕದೆ ಹಿಂದಿನ ಸೀಟಿನ ಮೇಲೆ ಇಟ್ಟು ಹೋದ. ಅವನ ಹೆಂಡ್ತಿ ಮಾಡಿ ಕೊಟ್ಟಿದ್ದು. ಚೆಲ್ತು. ಅದರಲ್ಲಿ ಎಂತ ಗುಟ್ಟು ಇದ್ದು ನಿಂಗೆ?"

ನಾನು ಕೈಯಲ್ಲಿದ್ದ ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿದೆ. ಓದುವವರಿಗೆ ಅಷ್ಟರಲ್ಲಿ ನನ್ನ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕು.

ಕಲೆ ಬಂದ ಕೂಡಲೇ ಉಜ್ಜುವುದು ಎಲ್ಲರೂ ಮಾಡುವ ತಪ್ಪು. ಉಜ್ಜಿದರೆ ಕಲೆ ಹರಡುತ್ತದೆ, ಚರ್ಮದ ಬಣ್ಣವೂ ಏಳುತ್ತದೆ. ನಾನು ಮೊದಲು ಧೂಳು ಎಳೆದು, ಕಲೆಯ ಒಂದು ಮೂಲೆಯಲ್ಲಿ ಬಿಳಿ ಹತ್ತಿಯನ್ನು ಸೋಪಿನ ನೀರಿನಲ್ಲಿ ಅದ್ದಿ ಒತ್ತುತ್ತೇನೆ. ಒತ್ತಿ, ಎತ್ತಿ, ಹತ್ತಿಯ ಬಣ್ಣ ನೋಡುತ್ತೇನೆ. ತಲೆಗೆ ಹಚ್ಚಿದ ತೆಂಗಿನೆಣ್ಣೆಯಾದರೆ ಹಳದಿ ಜಿಡ್ಡು. ಎಲೆಯಡಿಕೆ ಕವಳದ ಉಗುಳಾದರೆ ಇಟ್ಟಿಗೆ ಬಣ್ಣ. ಮುರುಗಲು, ಅಂದರೆ ಪುನರ್ಪುಳಿ ಹಣ್ಣಿನ ರಸವಾದರೆ, ಮೊದಲು ಗುಲಾಬಿ. ನೋಡನೋಡುತ್ತಿದ್ದಂತೆ ಸೋಪು ತಾಗಿ ಬೂದಿ ಬೆರೆತ ನೀಲಿ.

ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೆರಡು ಮುರುಗಲ ಕಲೆ ನನ್ನ ಕೈ ದಾಟಿ ಹೋಗುತ್ತವೆ. ಈ ಕಡೆ ಬೇಸಿಗೆಯಲ್ಲಿ ಮುರುಗಲ ನೀರಿನ ಬಾಟಲಿಯಿಲ್ಲದ ಕಾರೇ ಇಲ್ಲ. ಹಾಗಾಗಿ ಕೆಂಪು ಕಲೆ ತೋರಿಸಿ ಮುರುಗಲು ಅಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಬುಧವಾರ ಸಂಜೆ ಹತ್ತಿ ನೀಲಿಗೆ ತಿರುಗಿತು. ಸರಿ, ಮುರುಗಲೇ ಎಂದುಕೊಂಡೆ. ಆದರೆ ಆ ಸೀಟಿನ ಚರ್ಮದಲ್ಲಿ ಗಾಳಿಯಾಡಲೆಂದು ಸಾಸಿವೆಗಿಂತ ಸಣ್ಣ ತೂತುಗಳಿವೆ. ಮೇಲಿನ ಕೆಂಪು ಎದ್ದು ಹೋದಲ್ಲಿ ಪ್ರತಿ ತೂತಿನ ಸುತ್ತ ಒಂದು ಕಂದು ಬಳೆ ಉಳಿಯಿತು. ಹತ್ತಿ ಒತ್ತಿದೆ. ನೀಲಿಯಾಗಲಿಲ್ಲ. ಇನ್ನೊಂದು ಒತ್ತಿದೆ. ತುಕ್ಕಿನ ಬಣ್ಣ.

ಭೂತಗನ್ನಡಿ ಹಿಡಿದು ಹೊಲಿಗೆಯ ದಾರ ನೋಡಿದೆ. ದಾರದ ಮೇಲ್ಮೈ ಕೆಂಪು, ಒಳಗಿನ ಎಳೆ ಕಂದು. ಮೊದಲು ಕಂದು ಇಳಿದು ಒಣಗಿದೆ. ಆಮೇಲೆ ಅದರ ಮೇಲೆ ಕೆಂಪು ಬಿದ್ದಿದೆ.

ಅಲ್ಲಿಗೇ ಕೈ ತೆಗೆದೆ. ಇನ್ನೊಂದು ಹನಿ ನೀರೂ ತಾಗಿಸಲಿಲ್ಲ. ತೊಳೆದದ್ದೇ ತಪ್ಪಾಯಿತೇನೋ, ಹೆಬ್ಬೆರಳಗಲದಷ್ಟು ಜಾಗ ನನ್ನಿಂದಲೇ ಹಾಳಾಯಿತೇನೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಬಂದು ನೋಡಿದರೆ ಶೆಡ್ಡಿನ ನೆಲದಿಂದ ಕಾರಿನ ಹೊಸ್ತಿಲು ಹತ್ತಿ, ಸೀಟಿನವರೆಗೆ ಇರುವೆ ಸಾಲು.

ಇರುವೆಗಳನ್ನು ನೋಡುತ್ತಾ ನಿಂತವಳು ಫೋನ್ ತೆಗೆದು ಮಂಕಿಗೆ ಹಚ್ಚಿದೆ. ಸುಕ್ರನ ಹೆಂಡತಿ ಗಣಪಿ ನನಗೆ ಗುರುತು; ವಾರಕ್ಕೊಮ್ಮೆ ಹರಿವೆ ಸೊಪ್ಪು, ಮೊಗೆಕಾಯಿ ಹೊತ್ತು ಹೊನ್ನಾವರಕ್ಕೆ ಬಂದಾಗ ನನ್ನ ಶೆಡ್ಡಿನ ನೆರಳಿನಲ್ಲಿ ಬುಟ್ಟಿ ಇಳಿಸಿ ಕೂರುತ್ತಾಳೆ. ಅವಳಿಗೆ ಒಂದೇ ಪ್ರಶ್ನೆ ಕೇಳಿದೆ. ಅವಳು ಉತ್ತರ ಹೇಳಿ, "ಎಂತಕ್ಕೆ ಕೇಳ್ತೆ ತಂಗಿ?" ಎಂದಳು. ನಾನು, "ಬಂದ್ಬಿಡು" ಎಂದೆ.

ಎರಡನೇ ಫೋನು ಹೆಡ್ ಕಾನ್‌ಸ್ಟೆಬಲ್ ಮಹಾದೇವರಿಗೆ. ಗಣಪಿ ಕೊಟ್ಟ ಕಾಣೆ ದೂರನ್ನು ಬರೆದುಕೊಂಡವರು ಅವರೇ. "ಹನ್ನೆರಡರ ಒಳಗೆ ಬತ್ತೆ. ಯಾವುದನ್ನೂ ಮುಟ್ಟಬೇಡ" ಎಂದರು.

ಒಂದನ್ನು ಮುಟ್ಟಿದೆ. ಹಿಂದಿನ ಸೀಟಿನ ಎರಡು ಕ್ಲಿಪ್ ಒತ್ತಿ, ಸೀಟನ್ನು ಇಡಿಯಾಗಿ ಎತ್ತಿ ಹೊರಗೆ ತೆಗೆದೆ. ಕಾರು ಸುಧಾಕರರದು, ಬಂದು ಕೇಳಿದರೆ ಇಲ್ಲ ಅನ್ನುವಂತಿಲ್ಲ. ಕಾರು ಹೋದರೂ ಆ ಕಲೆ ಹೋಗಬಾರದು. ಸುಕ್ರನಿಗೆ ಏನಾಯಿತು ಎನ್ನುವುದಕ್ಕೆ ಇಡೀ ಜಿಲ್ಲೆಯಲ್ಲಿ ಉಳಿದಿದ್ದ ಸಾಕ್ಷಿ ಅದೊಂದೇ. ಅದನ್ನು ನಾನು ತೊಳೆದರೆ, ಗಂಡ ರೈಲು ಹತ್ತಿ ಓಡಿಹೋದ ಎಂಬ ಮಾತನ್ನೇ ಗಣಪಿ ಸಾಯುವವರೆಗೆ ಕೇಳಬೇಕು.

ಈಗ ಸುಧಾಕರ ಕಾರಿನ ಹಿಂದಿನ ಬಾಗಿಲಿನಿಂದ ಒಳಗೆ ಬಗ್ಗಿ ನೋಡಿದರು. ಸೀಟು ಇರಬೇಕಾದಲ್ಲಿ ಬರಿ ತಗಡು, ಎರಡು ವೈರು, ಯಾರೋ ಕಳೆದುಕೊಂಡ ಒಂದು ಪೆನ್ನಿನ ಮುಚ್ಚಳ.

"ಸೀಟೆಲ್ಲಿ?"

"ಒಳಗಿದೆ."

"ಯಾರು ತೆಗೀಲಿಕ್ಕೆ ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಕಾರು ತಗೊಂಡು ಹೋಗಿ ಸುಧಾಕರಣ್ಣ, ನಾ ಬೇಡ ಅನ್ನೂದಿಲ್ಲ. ಸೀಟು ಇಲ್ಲೇ ಇರ್ತದೆ."

"ಹಿಂದಿನ ಸೀಟಿಲ್ಲದ ಕಾರನ್ನ ಗೋವಾದವನಿಗೆ ತೋರ್ಸೂದಾ?"

"ಮೀನಿನ ಬುಟ್ಟಿ ಇಡ್ಲಿಕ್ಕೆ ಜಾಗ ಜಾಸ್ತಿ ಆಯ್ತು ಅನ್ನಿ."

ಅದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಹೆದರಿದಾಗ ನನಗೆ ಇಂಥ ಮಾತು ಬರುತ್ತದೆ. ಅವರ ಮುಖದ ನಗೆ ಹೋಯಿತು.

"ನೋಡು ರೇಖಾ," ಎಂದರು ಮೆಲ್ಲಗೆ, "ಈ ಶೆಡ್ಡು ನಿಂತಿದ್ದು ಹೆದ್ದಾರಿ ಜಾಗದಲ್ಲಿ. ಯಾರೂ ಕೇಳ್ಲಿಲ್ಲ ಅಂತ ನಿಂತಿದೆ. ನಾನೊಂದು ಫೋನು ಮಾಡಿದ್ರೆ ನಾಳೆ ಇಲ್ಲಿ ಎಂತ ಉಳೀತದೆ?"

"ನಾಲ್ಕು ಕುಣಿ ಉಳೀತದೆ, ಕಂಬ ಹುಗಿದದ್ದು. ತಗಡು ನಂದು. ಕಂಬ ನಂದು. ಬಿಚ್ಚಿ ಇನ್ನೊಂದು ಕಡೆ ಹುಗೀತೇನೆ."

"ಸಂಜೆ ಕಾಲೇಜಿನಲ್ಲಿ ಇದನ್ನೇ ಕಲಿಸಿದ್ರಾ? ಗಿರಾಕಿ ಸಾಮಾನು ಇಟ್ಕಳೂದು?"

"ಕಂಡದ್ದು ಬೇರೆ, ಊಹಿಸಿದ್ದು ಬೇರೆ ಬರೀಬೇಕು ಅಂತ ಕಲಿಸಿದ್ರು. ಬರೆದಿಟ್ಟಿದ್ದೇನೆ. ಕಂಡದ್ದು ಒಂದು ಪುಟ, ಊಹೆ ಎರಡು ಸಾಲು."

ಅವರು ನನ್ನನ್ನು ದಾಟಿ ಶೆಡ್ಡಿನ ಒಳಭಾಗಕ್ಕೆ ನಡೆದರು. ನಾನು ಅಡ್ಡ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆದರೆ ಅಡ್ಡ ನಿಲ್ಲುವವರು ಒಳಗೇ ಇದ್ದರು.

ಒಳಗೆ ಮರದ ಬೆಂಚಿನ ಮೇಲೆ ಸೀಟು ಇತ್ತು. ಅದರ ಪಕ್ಕದಲ್ಲಿ, ನೆಲದ ಮೇಲೆ, ಖಾಲಿ ಬುಟ್ಟಿಯೊಂದಿಗೆ ಗಣಪಿ ಕೂತಿದ್ದಳು. ಸುಧಾಕರರನ್ನು ಕಂಡವಳು ಎದ್ದಳು. ಹತ್ತು ವರ್ಷದ ರೂಢಿಯಂತೆ ಸೆರಗು ಸರಿಮಾಡಿಕೊಂಡಳು. ಆಮೇಲೆ ತಿರುಗಿ ಆ ಸೀಟಿನ ನಟ್ಟನಡುವೆ ಕೂತುಬಿಟ್ಟಳು.

ನಾನು ಮೊದಲೇ ಸೀಟಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿದ್ದೆ, ಸದ್ಯ.

"ಏಳು ಗಣಪಿ," ಎಂದರು ಸುಧಾಕರ.

"ಏಳೂದಿಲ್ಲ. ನನ್ನ ಗಂಡ ಹತ್ತು ವರ್ಷ ಮುಂದೆ ಕೂತ. ನಾ ಒಂದಿನ ಹಿಂದೆ ಕೂತ್ಕಂತೆ."

"ನಿನ್ನ ಗಂಡ ರೈಲು ಹತ್ತಿ ಹೋದದ್ದಕ್ಕೆ ನನ್ನ ಸೀಟಿನ ಮೇಲೆ ಎಂತಕ್ಕೆ ಸಿಟ್ಟು?"

"ಯಾವ ರೈಲು?"

"ಅದು ನಂಗೆ ಹೇಗೆ ಗೊತ್ತಿರ್ತದೆ?"

"ನಂಗೆ ಗೊತ್ತಿದ್ದದ್ದು ಹೇಳ್ತೆ. ಭಾನುವಾರ ಉಂಡು ಏಳುವಾಗ, ಒಡೇರ ಸಂಗ್ತಿಗೆ ಹೋಪ್ದಿದ್ದು, ಕಪ್ಪಾಗುವೊಳಗೆ ಬತ್ತೆ ಅಂದ. ನಿಮ್ಮ ಸಂಗ್ತಿಗೆ, ನಿಮ್ಮ ಜೊತೇಲಿ. ನೀವು ಪೋಲೀಸ್ರಿಗೆ ಎಂತ ಹೇಳ್ದ್ರಿ? ಒಬ್ಬನೇ ಹೋದ, ಗೆಸ್ಟನ್ನ ಭಟ್ಕಳಕ್ಕೆ ಬಿಡುಕೆ ಹೋದ ಅಂದ್ರಿ."

ಸುಧಾಕರ ನನ್ನ ಕಡೆ ತಿರುಗಿದರು. "ಇದನ್ನೆಲ್ಲ ನೀನು ಹೇಳಿಕೊಟ್ಟದ್ದಾ?"

"ಅವಳಿಗೆ ಹೇಳಿಕೊಡುವಷ್ಟು ನಂಗೆ ಗೊತ್ತಿಲ್ಲ," ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. "ಸುಧಾಕರಣ್ಣ, ಒಂದು ವಿಷಯ ಮಾತ್ರ. ಆ ಮುರುಗಲ ನೀರು ಇವಳ ಮನೇದು ಅಂದ್ರಿ ಅಲ್ವಾ?"

"ಹೌದು. ದಿನಾ ತರ್ತಿದ್ದ."

"ಗಣಪಿ, ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದನ್ನ ಇನ್ನೊಂದು ಸಲ ಹೇಳು. ಸುಕ್ರಣ್ಣನ ಮುರುಗಲ ನೀರಿಗೆ ಎಂತ ಹಾಕ್ತೆ?"

"ಉಪ್ಪು. ಜೀರಿಗೆ. ಒಂದು ಹಸಿಮೆಣಸು ಒಡೆದು."

"ಸಕ್ಕರೆ? ಬೆಲ್ಲ?"

"ಆರು ವರ್ಷ ಆತು ಬಿಟ್ಟು. ಅಂವಂಗೆ ಸಕ್ಕರೆ ಕಾಯ್ಲೆ. ಚಾಕ್ಕೂ ಹಾಕೂದಿಲ್ಲ."

"ಬೆಳಿಗ್ಗೆ ಸೀಟಿನ ಮೇಲೆ ಇರುವೆ ಸಾಲು ಇತ್ತು, ಸುಧಾಕರಣ್ಣ," ಎಂದೆ ನಾನು. "ಉಪ್ಪಿಗೆ ಇರುವೆ ಬರೂದಿಲ್ಲ. ಕಲೆ ಒಣಗಿದಲ್ಲಿ ಬೆರಳಿಟ್ಟರೆ ಅಂಟು ಅಂಟು. ಸಿಹಿ ಶರಬತ್ತು ಅದು. ನಿಮ್ಮ ಗೆಸ್ಟ್ ಹೌಸಿಗೆ ಬಂದವರಿಗೆಲ್ಲ ಮೊದಲು ಗ್ಲಾಸಿನಲ್ಲಿ ಕೊಡ್ತೀರಲ್ಲ, ಅಂಥದ್ದು."

"ಊರಲ್ಲೆಲ್ಲ ಸಿಗ್ತದೆ ಶರಬತ್ತು."

"ಸಿಗ್ತದೆ. ಅದಕ್ಕೇ ಅದನ್ನ ಊಹೆ ಅಂತ ಬರೆದಿದ್ದೇನೆ. ಅದರ ಕೆಳಗೆ ಬೇರೆ ಕಲೆ ಇದೆ ಅನ್ನೋದು ಮಾತ್ರ ಕಂಡದ್ದು."

ಶೆಡ್ಡಿನ ತಗಡು ಬಿಸಿಲಿಗೆ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿತ್ತು. ಹೆದ್ದಾರಿಯಲ್ಲಿ ಮೀನು ಲಾರಿಯೊಂದು ನೀರು ಸುರಿಸುತ್ತಾ ಹೋಯಿತು. ಸುಧಾಕರ ಎಡಗೈಯಿಂದ ಫೋನ್ ತೆಗೆದು, ಯಾರಿಗೋ ಕೊಂಕಣಿಯಲ್ಲಿ ಎರಡು ಮಾತು ಹೇಳಿ ಇಟ್ಟರು. ಹಣೆಯ ಬೆವರನ್ನೂ ಎಡಗೈಯಿಂದಲೇ ಒರೆಸಿಕೊಂಡರು.

"ಎಂತ ಕಲೆ?" ಎಂದು ಬಾಗಿಲಿನಿಂದ ಬೇರೊಂದು ದನಿ ಕೇಳಿತು.

ಮಹಾದೇವ ಬಂದಿದ್ದರು. ಜೊತೆಗೆ ಹೊರಗೆ ಜೀಪಿನಲ್ಲಿ ಇನ್ನಿಬ್ಬರು. ನಿವೃತ್ತಿಗೆ ಎರಡು ವರ್ಷವಿರುವ, ಮಾತು ಕಡಿಮೆಯ ಮನುಷ್ಯ ಅವರು. ನನ್ನ ಹಾಳೆಯನ್ನು ಇಸಿದುಕೊಂಡು ನಿಂತಲ್ಲೇ ಓದಿದರು. ಒಮ್ಮೆ ಓದಿ, ಇನ್ನೊಮ್ಮೆ ಓದಿದರು.

"ರಕ್ತ ಅಂತ ಎಲ್ಲೂ ಬರೀಲಿಲ್ಲ ನೀನು," ಎಂದರು.

"ಅದು ನಂಗೆ ಗೊತ್ತಿಲ್ಲ ಸಾರ್. ಮುರುಗಲು ಅಲ್ಲ ಅನ್ನೋದು ಗೊತ್ತು."

"ಗಣಪಿ, ಸ್ವಲ್ಪ ಏಳವ್ವ."

ಅವರು ಹೇಳಿದ್ದಕ್ಕೆ ಅವಳು ಎದ್ದಳು. ನಾನು ಪ್ಲಾಸ್ಟಿಕ್ ಬಿಚ್ಚಿ, ಸೀಟನ್ನು ಮಗುಚಿ, ಅಡಿಯ ಕೊಕ್ಕೆಗಳನ್ನು ಬಿಡಿಸಿ ಚರ್ಮವನ್ನು ಒಂದು ಬದಿಯಿಂದ ಮೆಲ್ಲಗೆ ಎತ್ತಿದೆ. ಚರ್ಮದ ಮೇಲೆ ಕಲೆ ಅಂಗೈಯಷ್ಟಿತ್ತು. ಒಳಗಿನ ಸ್ಪಂಜಿನಲ್ಲಿ ಅದು ಒಂದು ಊಟದ ತಟ್ಟೆಯಷ್ಟಿತ್ತು. ಮೇಲೆ ಚೆಲ್ಲಿದ ಕೆಂಪು ಅಲ್ಲಿಗೆ ಇಳಿದೇ ಇರಲಿಲ್ಲ. ಅಲ್ಲಿದ್ದದ್ದು ಬರಿ ಕಂದು, ನಡುವೆ ಕಪ್ಪು.

ಗಣಪಿ ನೋಡಿದಳು. ಕೆಳಗೆ ಬಗ್ಗಿ ಬುಟ್ಟಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮಹಾದೇವ ಬಹಳ ಹೊತ್ತು ಸ್ಪಂಜನ್ನು ನೋಡಿ, ಆಮೇಲೆ ಸುಧಾಕರರನ್ನು ನೋಡಿದರು. "ಇದು ಪರೀಕ್ಷೆಗೆ ಹೋಗ್ತದೆ ಸುಧಾಕರ್ರೆ. ಯಾರದ್ದು ಅಂತ ಬರ್ತದೆ. ಅದಕ್ಕೆ ಮೊದಲು ನೀವು ಎಂತಾದ್ರೂ ಹೇಳೂದಿದ್ರೆ ಈಗ ಹೇಳಿ."

ಸುಧಾಕರ ಎಡಗೈಯಿಂದ ಬಲ ಮುಂಗೈಯ ಗುಂಡಿ ಬಿಚ್ಚಿದರು. ತೋಳನ್ನು ಒಂದೊಂದೇ ಮಡಿಕೆ ಮಾಡಿ ಮೇಲೆ ಸರಿಸಿದರು. ಮೊಣಕೈಯಿಂದ ಕೆಳಗೆ ಪಟ್ಟಿ. ಅದರ ಅಂಚಿನಲ್ಲಿ ಹೊಲಿಗೆಯ ಕಪ್ಪು ದಾರದ ತುದಿಗಳು.

"ನಂದು," ಎಂದರು. "ಅದು ಸುಕ್ರನ ರಕ್ತ ಅಲ್ಲ. ನಂದು."

ಮಹಾದೇವ ಬಗ್ಗಿ ಗಾಯದ ಪಟ್ಟಿಯನ್ನು ನೋಡಿದರು.

"ಭಾನುವಾರ ಗೇರುಸೊಪ್ಪಕ್ಕೆ ಹೋಗಿದ್ದೆವು, ನಾವಿಬ್ಬರೇ. ಅಣೆಕಟ್ಟು ದಾಟಿ ಮೇಲೆ ಹೋಗುವಾಗ ಮಾತಿಗೆ ಮಾತು ಬೆಳೀತು. ಕಾರು ನಿಲ್ಲಿಸ್ದ. ಎಳನೀರು ಕೆತ್ತುವ ಕತ್ತಿ ಡಿಕ್ಕಿಯಲ್ಲಿ ಇರ್ತದಲ್ಲ, ತೆಗೆದ. ನಾನು ಹಿಂದೆ ಎಡಗಡೆ ಕೂತಿದ್ದೆ, ಬಲಗಡೆ ಬಾಗಿಲು ತೆಗೆದು ಬೀಸ್ದ. ನಾನು ಕೈ ಅಡ್ಡ ಹಿಡಿದೆ, ಎಡಗಡೆ ಬಾಗಿಲಿಂದ ಹೊರಗೆ ಬಿದ್ದು ಓಡಿದೆ. ಅಂವ ಕಾರು ತಗೊಂಡು ಹೋದ. ನಾನು ಸಿಕ್ಕಿದ ಗಾಡಿ ಹತ್ತಿ ಕೆಳಗೆ ಬಂದೆ."

"ಎಂತ ಮಾತಿಗೆ?"

"ಅದು ನಮ್ಮಿಬ್ಬರ ನಡುವಿನದ್ದು."

"ದೂರು ಎಂತಕ್ಕೆ ಕೊಡ್ಲಿಲ್ಲ?"

"ಹತ್ತು ವರ್ಷ ನನ್ನಲ್ಲಿ ದುಡಿದವ. ಹೋದ್ರೆ ಹೋಗ್ಲಿ ಅಂದ್ಕಂಡೆ. ಸೋಮವಾರ ಕಾರು ಸಿಕ್ಕಿದೆ ಅಂತ ಫೋನು ಬಂದಾಗ ಶರಬತ್ತಿನ ಬಾಟ್ಲಿ ತಗೊಂಡೇ ಭಟ್ಕಳಕ್ಕೆ ಹೋದೆ. ಚೆಲ್ಲಿದೆ. ಅಂವಂಗೆ ಕೇಸು ಬೇಡ ಅಂತ." ಅವರು ನನ್ನ ಕಡೆ ನೋಡಿದರು. "ನೀನು ಒಂದು ಬಟ್ಟೆ ತಗೊಂಡು ಒರೆಸಿದ್ರೆ ಮುಗೀತಿತ್ತು ರೇಖಾ. ಈಗ ಎಂತ ಮಾಡ್ದೆ ನೋಡು. ಅವನನ್ನ ನೀನೇ ಹಗ್ಗಕ್ಕೆ ಕೊಟ್ಟೆ."

ಆ ಕ್ಷಣ ನನಗೆ ಏನಾಯಿತು ಎಂದು ಚೆನ್ನಾಗಿ ಬರೆಯಲು ಬರುವುದಿಲ್ಲ. ಅವರು ಹೇಳಿದ್ದು ಕಲೆಗೆ ಹೊಂದುತ್ತಿತ್ತು. ಎಡಗಡೆ ಕೂತವನ ಬಲಗೈ ಬರುವುದು ಸೀಟಿನ ನಡುವೆ. ಕಲೆ ಇದ್ದದ್ದು ಅಲ್ಲೇ. ತುಂಬು ತೋಳಿಗೂ, ಆಟೋಗೂ, ಎಡಗೈಯ ಫೋನಿಗೂ ಅದು ಹೊಂದುತ್ತಿತ್ತು. ನಾನು ಗಣಪಿಗೆಂದು ಉಳಿಸಿದ ಸಾಕ್ಷಿ ಅವಳ ಗಂಡನ ವಿರುದ್ಧವೇ ತಿರುಗಿ ನಿಂತಿತ್ತು.

ಅವಳ ಮುಖ ನೋಡುವ ಧೈರ್ಯವಾಗದೆ ಕಾರಿನ ಕಡೆ ನೋಡಿದೆ. ಮುಂದಿನ ಬಾಗಿಲು ತೆರೆದೇ ಇತ್ತು. ಅಲ್ಲಿ, ಡ್ರೈವರ್ ಸೀಟಿನ ಕೆಳಗಿನ ಹಳಿಯ ಮೇಲೆ, ನಾನೇ ಎಳೆದ ಸೀಮೆಸುಣ್ಣದ ಗೆರೆ.

ಸೀಟಿನ ಕೆಳಗೆ ಧೂಳು ಎಳೆಯಲು ಅದನ್ನು ಹಿಂದೆ ಮುಂದೆ ಜಾರಿಸಬೇಕಾಗುತ್ತದೆ. ಜಾರಿಸುವ ಮೊದಲು ಅದು ಎಲ್ಲಿತ್ತು ಎಂದು ಹಳಿಯ ಮೇಲೆ ಗೆರೆ ಎಳೆದುಕೊಳ್ಳುವುದು ನನ್ನ ಅಭ್ಯಾಸ. ಗಿರಾಕಿ ಮತ್ತೆ ಕೂತಾಗ ಕಾಲಿನ ಅಳತೆ ತಪ್ಪಬಾರದು. ಬೇರೆಯವರು ಇದನ್ನು ಮಾಡುವುದಿಲ್ಲ. ನನಗೆ ಮಾಡದಿದ್ದರೆ ಸಮಾಧಾನವಿಲ್ಲ.

"ಸುಧಾಕರಣ್ಣ," ಎಂದೆ. "ಭಟ್ಕಳದಲ್ಲಿ ಕಾರು ಸಿಕ್ಕಿದ ಮೇಲೆ ಯಾರಾದ್ರೂ ಓಡಿಸಿದ್ರಾ?"

"ಇಲ್ಲ. ಈ ಕೈಯಲ್ಲಿ ನಾನು ಎಲ್ಲಿಂದ ಓಡಿಸ್ಲಿ? ಬೇರೆಯವರನ್ನ ಅದರಲ್ಲಿ ಕೂರ್ಸೂದು ಬೇಡ ಅಂತ ಬೀಗ ಹಾಕಿ ಅಲ್ಲೇ ಬಿಟ್ಟಿದ್ದೆ, ಬುಧವಾರ ಲಾರಿ ಸಿಕ್ಕಿದ ಮೇಲೆ ಅದರ ಮೇಲೆ ಹಾಕ್ಸಿ ಸೀದಾ ಇಲ್ಲಿಗೆ ಕಳಿಸ್ದೆ."

"ನಿಮ್ಮ ಲಾರಿಯವ್ರು ಬಾಗಿಲವರೆಗೆ ಇಳಿಸಿದ್ರು. ಒಳಗೆ ನಾವು ತಳ್ಳಿ ತಂದದ್ದು. ಯಾರೂ ಡ್ರೈವರ್ ಸೀಟು ಮುಟ್ಟಲಿಲ್ಲ. ನಾನು ಮುಟ್ಟುವ ಮೊದಲು ಗೆರೆ ಎಳೆದಿದ್ದೇನೆ. ಮಹಾದೇವ ಸಾರ್, ನೀವೇ ಕೂತು ನೋಡಿ."

ನಾನು ಸೀಟನ್ನು ಗೆರೆಯವರೆಗೆ ಮುಂದಕ್ಕೆ ತಂದು ನಿಲ್ಲಿಸಿದೆ. ಮಹಾದೇವ ಅಂಥ ಎತ್ತರದವರಲ್ಲ. ಆದರೂ ಅವರಿಗೆ ಕೂರಲಾಗಲಿಲ್ಲ. ಮಂಡಿ ಸ್ಟಿಯರಿಂಗಿಗೆ ಸಿಕ್ಕಿಕೊಂಡಿತು. ಅವರು ಕಾಲು ಬಿಡಿಸಿಕೊಂಡು ಇಳಿದು, ಸೊಂಟ ಹಿಡಿದು ನಿಂತು, "ಸುಕ್ರ ಎಷ್ಟು ಎತ್ತರ?" ಎಂದು ಕೇಳಿದರು.

"ಮನೆ ಬಾಗಿಲಲ್ಲಿ ದಿನಾ ತಲೆ ಬಡ್ಕಂತ," ಎಂದಳು ಗಣಪಿ. "ಒಡೇರಿಗಿಂತ ನಾಲ್ಕು ಬೆರಳು ಜಾಸ್ತಿ."

"ಗೇರುಸೊಪ್ಪದಿಂದ ಸುಕ್ರನೇ ಕಾರು ತಗೊಂಡು ಹೋದ ಅಂದ್ರಿ," ಎಂದೆ ನಾನು ಸುಧಾಕರರಿಗೆ. "ಈ ಸೀಟಿನಲ್ಲಿ ಸುಕ್ರಣ್ಣ ಭಟ್ಕಳದವರೆಗೆ ಹೋಗೂದಿರ್ಲಿ, ಒಳಗೆ ಕಾಲು ಹಾಕೂದೂ ಸಾಧ್ಯ ಇಲ್ಲ. ಓಡಿಸಿದ್ದು ಯಾರು?"

ಅವರು ಆ ಸೀಮೆಸುಣ್ಣದ ಗೆರೆಯನ್ನೇ ನೋಡುತ್ತಿದ್ದರು. ತುಟಿಯ ಬಣ್ಣ ಇಳಿದಿತ್ತು. ಆ ಮುಖದಲ್ಲಿ ಇದ್ದದ್ದು ಸುಳ್ಳು ಸಿಕ್ಕಿಬಿದ್ದವನ ಹೆದರಿಕೆಯೋ, ಈಗಷ್ಟೇ ಹೊಸ ಸಂಗತಿ ತಿಳಿದವನ ಹೆದರಿಕೆಯೋ, ಎಷ್ಟು ನೋಡಿದರೂ ನನಗೆ ಬೇರೆ ಮಾಡಲಾಗಲಿಲ್ಲ.

"ವಕೀಲರಿಲ್ಲದೆ ಇನ್ನು ಮಾತಾಡೂದಿಲ್ಲ," ಎಂದು ಅಲ್ಲೇ ಇದ್ದ ಬಕೆಟಿನ ಮೇಲೆ ಕೂತರು.

ಮಹಾದೇವ ಹೊರಗಿದ್ದವರನ್ನು ಕರೆದರು. ಸೀಟು, ಸ್ಪಂಜು, ನನ್ನ ಹತ್ತಿಯ ಉಂಡೆಗಳು, ಕಾರು, ಎಲ್ಲವನ್ನೂ ಬರೆದುಕೊಳ್ಳಲು ಹೇಳಿದರು. ಆಮೇಲೆ ಗಣಪಿಯ ಹತ್ತಿರ ಬಂದು ದನಿ ತಗ್ಗಿಸಿದರು.

"ನೋಡವ್ವ. ಕಾರು ಓಡಿಸಿದ್ದು ಯಾರು ಅಂತ ಆಮೇಲೆ. ಒಡೆಯರು ಗಾಯ ತೋರ್ಸಿ ಹೆಸರು ಹೇಳಿದ್ರು. ಇನ್ನು ಇದು ಕಾಣೆ ಕೇಸಾಗಿ ಉಳಿಯೂದಿಲ್ಲ. ನಿನ್ನ ಗಂಡನ ಮೇಲೆ ಕೊಲೆ ಪ್ರಯತ್ನ ಅಂತ ಆಗ್ತದೆ. ನೀನು ಮನೆಗೆ ಹೋಗು. ಯಾರಾದ್ರೂ ತಿಳಿದವರ ಹತ್ರ ಮಾತಾಡು. ಇವತ್ತೊಂದಿನ ನಾನು ತಡೀತೆ."

"ಎಂತಕ್ಕೆ ತಡೀತ್ರಿ?"

"ನಿನಗೋಸ್ಕರವೇ."

ಗಣಪಿ ಬುಟ್ಟಿಯನ್ನು ನೆಲಕ್ಕಿಟ್ಟಳು. ಮಹಾದೇವರ ಎದುರಿಗೆ ನೇರವಾಗಿ ನಿಂತಳು.

"ಮಂಗಳವಾರ ಬಂದೆ ನಿಮ್ಮಲ್ಲಿಗೆ. ಕಾಣೆ ಆದ ಅಂದೆ. ರೈಲು ಹತ್ತಿದಂವ ಇಳಿದು ಬತ್ತ ಅಂದ್ರಿ. ಬುಧವಾರ ಬಂದೆ. ಒಂದು ಫೋಟೋ ಕೊಟ್ಟು ಹೋಗು ಅಂದ್ರಿ. ಒಬ್ಬನಾದ್ರೂ ಹುಡುಕುಕೆ ಹೋದ್ನಾ?"

ಮಹಾದೇವ ಟೊಪ್ಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಕೂಲಿ ಮಾಡಂವ ಕಾಣೆ ಆದ್ರೆ ನಿಮ್ಗೆ ಫೋಟೋ ಸಾಕು. ಒಡೇರಿಗೆ ಕತ್ತಿ ಬೀಸ್ದಂವ ಆದ್ರೆ? ಜೀಪು ಹೋಗ್ತದೆ ಅಲ್ದಾ? ಗೇರುಸೊಪ್ಪಕ್ಕೆ ಹೋಗ್ತ್ರಿ, ಕಾಡು ಹೊಕ್ತ್ರಿ, ಹೊಳೆಗೆ ದೋಣಿ ಬಿಡ್ತ್ರಿ. ಹೌದಾ ಅಲ್ದಾ?"

"ಹೋಗಬೇಕಾಗ್ತದೆ."

"ಹಾಂಗಾರೆ ಬರ್ಕಣಿ. ಇವತ್ತೇ ಬರ್ಕಣಿ. ಸುಕ್ರ ಗೌಡ, ಮಂಕಿ. ಕತ್ತಿ ಬೀಸ್ದ ಅಂತೇ ಬರ್ಕಣಿ. ಬೀಸುಕೆ ಅಂವಂಗೆ ಕೈ ಇತ್ತು ಅಂತಾದ್ರೆ ಭಾನುವಾರ ಸಂಜೆ ತಂಕ ಅಂವ ಜೀವಂತ ಇದ್ದ. ಅಷ್ಟಾದ್ರೂ ಈಗ ಕಾಗದದಲ್ಲಿ ಬತ್ತು. ಹುಡ್ಕಿ ತನ್ನಿ. ಬಂದ್ಮೇಲೆ ಬೀಸ್ದ್ನೋ ಇಲ್ವೋ ನಾ ಕೇಳ್ತೆ, ನಿಮ್ಮೆದುರಿಗೇ ಕೇಳ್ತೆ."

ಅವಳು ಅಳುತ್ತಿರಲಿಲ್ಲ. ಬಕೆಟಿನ ಮೇಲೆ ಕೂತ ಸುಧಾಕರರ ಕಡೆ ತಿರುಗಿ ಕೂಡ ನೋಡಲಿಲ್ಲ. ಮಹಾದೇವ ಜೇಬಿನಿಂದ ಪೆನ್ನು ತೆಗೆದರು. ಮುಚ್ಚಳ ಬಿಚ್ಚಿ, ಒಮ್ಮೆ ನನ್ನ ಕಡೆ ನೋಡಿ, ಬರೆಯತೊಡಗಿದರು. ಅವರು ಬರೆದು ಮುಗಿಸುವವರೆಗೂ ಗಣಪಿ ಪೆನ್ನಿನ ತುದಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವಳಿಗೆ ಓದಲು ಬಾರದು. ಆದರೂ ಕೊನೆಯಲ್ಲಿ, "ಓದಿ ಹೇಳಿ" ಎಂದಳು. ಅವರು ಓದಿ ಹೇಳಿದರು.

ಮೂರು ಗಂಟೆಗೆ ಎರಡು ಜೀಪು ಗೇರುಸೊಪ್ಪದ ಕಡೆ ಹೋದವು.

ನನಗೆ ಗೊತ್ತಿರುವುದು ಇಷ್ಟೇ. ಸುಕ್ರ ಕತ್ತಿ ಬೀಸಿದ್ದು ನಿಜವೇ, ಗೊತ್ತಿಲ್ಲ. ಆ ಕಾರನ್ನು ಭಟ್ಕಳಕ್ಕೆ ಓಡಿಸಿದ ಗಿಡ್ಡ ಕಾಲಿನ ಮನುಷ್ಯ ಯಾರು, ಗೊತ್ತಿಲ್ಲ. ಇದನ್ನು ಬರೆಯುತ್ತಿರುವ ಹೊತ್ತಿಗೆ ಸುಕ್ರ ಬದುಕಿದ್ದಾನೆಯೇ ಎಂದು ಗಣಪಿ ಕೇಳಿದರೆ ಹೇಳಲು ನನ್ನ ಬಳಿ ಏನೂ ಇಲ್ಲ.